ಗಾಲ್ಫ್ ಕಾರ್ಟ್ ರಾತ್ರಿಯಿಡೀ ಚಾರ್ಜಿಗಿಟ್ಟರೂ ಏರಿನಲ್ಲಿ ನಿಲ್ಲುತ್ತದೆ: ಕೆಟ್ಟಿದ್ದು ಬ್ಯಾಟರಿಯೋ, ಚಾರ್ಜರೋ?

ತೋಟದ ಮೆಂಟೆನೆನ್ಸ್, ಸಕಲೇಶಪುರ:

ಹೋಮ್‌ಸ್ಟೇಯಲ್ಲಿ ಓಡಿಸುವ ನಾಲ್ಕು ಸೀಟಿನ ಗಾಲ್ಫ್ ಕಾರ್ಟ್. ಸೆಕೆಂಡ್ ಹ್ಯಾಂಡ್, ಹೊರದೇಶದಿಂದ ಬಂದದ್ದು. 48 ವೋಲ್ಟ್, 8 ವೋಲ್ಟಿನ ಆರು ನೀರಿನ ಬ್ಯಾಟರಿ, ತಲಾ 170 ಎಎಚ್ (ಆಂಪಿಯರ್-ಅವರ್, ಅಂದರೆ ಬ್ಯಾಟರಿಯ ಸಾಮರ್ಥ್ಯ), ಹಾಕಿ ಮೂರು ವರ್ಷವಾಗಿದೆ. ಗಾಡಿಯ ಜೊತೆಗೇ ಬಂದ ಅಮೆರಿಕದ ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಇದೆ. ಅದರ ಲೇಬಲ್ 120 ವೋಲ್ಟ್ ಎನ್ನುತ್ತದೆ, ಹಾಗಾಗಿ 2 ಕೆವಿಎ ಸ್ಟೆಪ್‌ಡೌನ್ ಹಾಕಿ ಬಳಸುತ್ತಿದ್ದೇವೆ.

ತೊಂದರೆ ಹೀಗಿದೆ: ಸಪಾಟು ರಸ್ತೆಯಲ್ಲಿ ಚೆನ್ನಾಗಿ ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಏರು ಹತ್ತಿಸಿದರೆ ಉಸಿರು ಬಿಟ್ಟು ನಿಲ್ಲುತ್ತದೆ, ಐದು ನಿಮಿಷ ಬಿಟ್ಟರೆ ಮತ್ತೆ ಹೊರಡುತ್ತದೆ. ಚಾರ್ಜರ್ ರಾತ್ರಿಯಿಡೀ ಗುಂಯ್‌ಗುಟ್ಟುತ್ತಲೇ ಇರುತ್ತದೆ, ಬೆಳಿಗ್ಗೆ ಕೈಯಿಡಲಾಗದಷ್ಟು ಬಿಸಿ. ಚಾರ್ಜ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆದಾಗ 1ರಿಂದ 6ರವರೆಗೆ ಕ್ರಮವಾಗಿ ಬಂದದ್ದು: 8.36, 8.38, 8.35, 8.25, 8.37, 8.36. ಬ್ಯಾಟರಿ ಅಂಗಡಿಯವರು ಆರನ್ನೂ ಬದಲಿಸಿ ಅಂತಾರೆ. ಬೇರೆ ದಾರಿ ಇದೆಯೇ?

ಕ್ಲ್ಯಾಂಪ್‌ಮೀಟರ್:

ದುಡ್ಡು ಕೊಡುವ ಮೊದಲು ಲೋಡಿನಲ್ಲಿ, ಅಂದರೆ ಗಾಡಿ ಎಳೆಯುತ್ತಿರುವಾಗ, ಅಳೆಯಿರಿ ಸರ್. ನಿಂತ ಗಾಡಿಯ ವೋಲ್ಟೇಜ್ ಅರ್ಧ ಕಥೆ ಮಾತ್ರ. ನೀರಿನ 8 ವೋಲ್ಟ್ ಬ್ಯಾಟರಿ ಫುಲ್ ಇದ್ದರೆ ವಿಶ್ರಾಂತಿಯಲ್ಲಿ 8.49, ಅಂದರೆ ಇಡೀ ಪ್ಯಾಕ್ 50.9 ತೋರಿಸಬೇಕು. ನಿಮ್ಮದು ಕೂಡಿದರೆ 50.07, ಸುಮಾರು 80 ಪರ್ಸೆಂಟ್. ರಾತ್ರಿಯಿಡೀ ಚಾರ್ಜಾದ ಮೇಲೂ ಇಷ್ಟೇ ಎಂದರೆ ಚಾರ್ಜಿಂಗ್ ಕಡೆಯೂ ಅನುಮಾನ ಬರುತ್ತದೆ.

ಒಬ್ಬರು ಓಡಿಸಲಿ, ಇನ್ನೊಬ್ಬರು ಮೀಟರ್ ಹಿಡಿಯಲಿ. ಮೀಟರಿನ ಮೊನೆ ಲಗ್ (ಕೇಬಲ್ ತುದಿಯ ಲೋಹದ ತುಂಡು) ಮೇಲೋ ನಟ್ ಮೇಲೋ ಬೇಡ, ನೇರ ಸೀಸದ ಪೋಸ್ಟಿಗೇ ತಾಗಬೇಕು. ಆರು ಬ್ಯಾಟರಿಯನ್ನೂ ಏರಿನಲ್ಲೇ ಓದಿ, ಜೊತೆಗೆ ಪ್ಯಾಕಿನ ಎರಡು ತುದಿಯ ಒಟ್ಟು ವೋಲ್ಟೇಜನ್ನೂ ಬರೆದುಕೊಳ್ಳಿ. ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ಕೊಡುವ ಅಡ್ಡದಾರಿ ಬೇಡವೇ ಬೇಡ. ತಿರುಗದ ಮೋಟಾರಿಗೆ ಕರೆಂಟ್ ಹರಿದರೆ ಕಮ್ಯುಟೇಟರ್ ಪಟ್ಟಿ (ಮೋಟಾರಿನೊಳಗೆ ಬ್ರಶ್ ತಾಗುವ ತಾಮ್ರದ ಪಟ್ಟಿ) ಒಂದೇ ಜಾಗದಲ್ಲಿ ಸುಡುತ್ತದೆ.

ಆಮೇಲೆ ಹೈಡ್ರೋಮೀಟರ್ ಹಾಕಿ 24 ಸೆಲ್‌ಗಳ (ಬ್ಯಾಟರಿಗೆ ನಾಲ್ಕರಂತೆ) ಗ್ರಾವಿಟಿ, ಅಂದರೆ ಆಸಿಡ್ಡಿನ ಸಾಂದ್ರತೆ, ನೋಡಿ. ನೀರು ಹಾಕಿದ ತಕ್ಷಣ ಓದಬೇಡಿ, ಮೇಲಿನ ನೀರು ಕೆಳಗಿನ ಆಸಿಡ್ ಜೊತೆ ಬೆರೆತಿರುವುದಿಲ್ಲ.

ತೋಟದ ಮೆಂಟೆನೆನ್ಸ್, ಸಕಲೇಶಪುರ:

ಏರಿನಲ್ಲಿ: 7.8, 7.7, 7.8, 6.2, 7.7, 7.8. ಪ್ಯಾಕ್ ತುದಿಯಿಂದ ತುದಿಗೆ 43.1. ಕ್ಲ್ಯಾಂಪ್ ಮೀಟರಿನಲ್ಲಿ ಸುಮಾರು 150 ಆಂಪ್ಸ್. ಗ್ರಾವಿಟಿ ಎಲ್ಲ ಕಡೆ 1.240ರಿಂದ 1.245. ನಾಲ್ಕನೆಯದರಲ್ಲಿ ಮಾತ್ರ 1.240, 1.235, 1.150, 1.240. 3 ಮತ್ತು 4ರ ನಡುವಿನ ಲಿಂಕ್ ಕೇಬಲ್ ಮುಟ್ಟಿದರೆ ಬಿಸಿ, ಲಗ್ ಸುತ್ತ ಹಸಿರು ಕಿಲುಬು ಇದೆ.

ಕ್ಲ್ಯಾಂಪ್‌ಮೀಟರ್:

ಆರನ್ನೂ ಕೂಡಿ: 45.0 ಬರುತ್ತದೆ. ಪ್ಯಾಕ್ ಕೊಟ್ಟದ್ದು 43.1. ಮಧ್ಯೆ ಕಾಣೆಯಾದ 1.9 ವೋಲ್ಟ್ ಲಿಂಕ್‌ಗಳಲ್ಲೇ ಕಳೆದುಹೋಗುತ್ತಿದೆ. 150 ಆಂಪ್ಸಿಗೆ ಅದು 285 ವ್ಯಾಟ್, ಬರೀ ಲಗ್ ಕಾಯಿಸಲು. ಹೀಗೇ ಬಿಟ್ಟರೆ ಒಂದಿನ ಸೀಸದ ಪೋಸ್ಟೇ ಕರಗುತ್ತದೆ. ಒಳ್ಳೆಯ ಲಿಂಕ್ ಅಷ್ಟು ಕರೆಂಟಿಗೆ ಕೆಲವು ಹತ್ತು ಮಿಲಿವೋಲ್ಟ್ ಬೀಳಿಸಿದರೆ ಹೆಚ್ಚು.

ನಾಲ್ಕನೇ ಬ್ಯಾಟರಿ: ಮಿಕ್ಕವುಗಳಲ್ಲಿ ಸೆಲ್ಲಿಗೆ ಸುಮಾರು 1.94 ಇದೆ. ಅದೇ ಲೆಕ್ಕದಲ್ಲಿ ಇದರ ಮೂರು ಸೆಲ್ 5.8 ಕೊಟ್ಟರೆ 1.150ರ ಸೆಲ್ಲಿನ ಪಾಲಿಗೆ ಉಳಿಯುವುದು 0.4. ನಿಂತಾಗ 8.25 ತೋರಿಸಿ ಸಾಚಾ ಅನ್ನಿಸಿಕೊಂಡದ್ದು ಏರಿನಲ್ಲಿ ಸಿಕ್ಕಿಬಿದ್ದಿದೆ. ಹಾಗಂತ ಉಳಿದ ಐದನ್ನು ಎಸೆಯಲು ನನಗೆ ಕಾರಣ ಕಾಣುತ್ತಿಲ್ಲ.

ಲಿಂಕ್ ಬಿಚ್ಚುವ ಕ್ರಮ: ಕೀ ತೆಗೆಯಿರಿ, ರನ್-ಟೋ ಸ್ವಿಚ್ (ಓಡಿಸಲು ಅಥವಾ ಎಳೆದೊಯ್ಯಲು ಬದಲಿಸುವ ಸ್ವಿಚ್) ಇದ್ದರೆ ಟೋಗೆ ಹಾಕಿ, ಪ್ಯಾಕಿನ ಮುಖ್ಯ ನೆಗೆಟಿವ್ ಮೊದಲು ಬಿಚ್ಚಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಉಂಗುರ ಬಿಚ್ಚಿಡಿ. ಸೆಲ್ ಮುಚ್ಚಳ ಭದ್ರ ಮಾಡಿ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆಯಿರಿ. ಸೋಡಾ ಒಳಗೆ ಹೋದರೆ ಆಸಿಡ್ ಕೆಡುತ್ತದೆ. ಪೋಸ್ಟನ್ನು ವೈರ್ ಬ್ರಶ್ಶಿನಲ್ಲಿ ಹೊಳೆಯುವ ತನಕ ಉಜ್ಜಿ. ಆ ಲಗ್ ಕ್ರಿಂಪ್ (ಕೇಬಲ್ ಮೇಲೆ ಲಗ್ ಅಮುಕಿ ಕೂರಿಸಿದ ಜಾಗ) ಒಳಗಿನ ತಾಮ್ರ ಕಪ್ಪಾಗಿದ್ದರೆ ಉಜ್ಜಿ ಉಪಯೋಗವಿಲ್ಲ, 25 ಚದರ ಮಿಮೀಗೆ ಕಡಿಮೆಯಿಲ್ಲದ ಹೊಸ ಕೇಬಲ್, ಯಂತ್ರದಲ್ಲಿ ಕ್ರಿಂಪ್ ಮಾಡಿದ ಲಗ್ ಹಾಕಿಸಿ. ಸುತ್ತಿಗೆಯಲ್ಲಿ ಬಡಿದ ಕ್ರಿಂಪ್ ಮಲೆನಾಡಿನ ಮಳೆಗೆ ಒಂದು ವರ್ಷ ಬಾಳಿದರೆ ಪುಣ್ಯ. ಪೆಟ್ರೋಲಿಯಂ ಜೆಲ್ಲಿ ಬಿಗಿದ ಮೇಲೆ ಹೊರಗಿನಿಂದ ಹಚ್ಚುವುದು, ಲಗ್ ಕೂರುವ ಜಾಗಕ್ಕಲ್ಲ.

ವೈಂಡಿಂಗ್ ಪುತ್ತೂರು:

ಚಾರ್ಜರ್ ಕಡೆ ಯಾರೂ ನೋಡಿಲ್ಲ. ಲೇಬಲ್ ಮೇಲೆ 120 ವೋಲ್ಟ್ ಪಕ್ಕದಲ್ಲಿ 60 ಹರ್ಟ್ಸ್ (ಕರೆಂಟಿನ ಫ್ರೀಕ್ವೆನ್ಸಿ) ಅಂತಲೂ ಇರುತ್ತದೆ, ಓದಿ ಅಣ್ಣಾ. ಸ್ಟೆಪ್‌ಡೌನ್ ಇಳಿಸುವುದು ವೋಲ್ಟೇಜ್ ಮಾತ್ರ, ನಮ್ಮ 50 ಹರ್ಟ್ಸ್ 50 ಆಗಿಯೇ ಒಳಗೆ ಹೋಗುತ್ತದೆ.

ಆ ಹಳೇ ಚಾರ್ಜರುಗಳು ಫೆರೋರೆಸೊನೆಂಟ್ ಜಾತಿಯವು: ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್, ಪಕ್ಕದಲ್ಲಿ ಒಂದು ಆಯಿಲ್ ಕೆಪಾಸಿಟರ್. ಇವುಗಳ ಔಟ್‌ಪುಟ್ ಫ್ರೀಕ್ವೆನ್ಸಿಯನ್ನು ಹಿಂಬಾಲಿಸುತ್ತದೆ. 60ಕ್ಕೆ ಮಾಡಿದ್ದನ್ನು 50ಕ್ಕೆ ಹಾಕಿದರೆ ಹತ್ತಿರಹತ್ತಿರ ಆರರಲ್ಲಿ ಒಂದು ಪಾಲು ಬೀಳುತ್ತದೆ. ಕೊನೆಯಲ್ಲಿ 62 ವೋಲ್ಟ್ ಮುಟ್ಟಬೇಕಾದದ್ದು 52-53ಕ್ಕೆ ನಿಂತುಬಿಡುತ್ತದೆ. ಅದು ಸೆಲ್ಲಿಗೆ 2.2 ವೋಲ್ಟ್ ಚಿಲ್ಲರೆ. ಫ್ಲೋಟಿಗೆ, ಅಂದರೆ ತುಂಬಿದ ಬ್ಯಾಟರಿಯನ್ನು ಹಾಗೇ ಕಾಯ್ದಿಡಲು, ಸಾಕು, ಚಾರ್ಜಿಗೆ ಸಾಲದು. ಚಾರ್ಜರ್ ಫುಲ್ ಆಯಿತೆಂದು ಆಫ್ ಆಗುವ ವೋಲ್ಟೇಜ್ ಬರುವುದೇ ಇಲ್ಲ, ಹಾಗಾಗಿ ಬೆಳಗಾಗುವ ತನಕ ಗುಂಯ್‌ಗುಟ್ಟುವುದು, ಕೋರ್ ಬಿಸಿಯಾಗುವುದು. ಬೆಳಿಗ್ಗೆ ಪ್ಲಗ್ ಕೀಳುವ ಮೊದಲು ಪ್ಯಾಕ್ ವೋಲ್ಟೇಜ್, ಆಂಪ್ಸ್ ಎರಡನ್ನೂ ನೋಡಿ ಹೇಳಿ. ಕವರ್ ಬಿಚ್ಚುವುದಾದರೆ ಪ್ಲಗ್ ಕಿತ್ತು, ಕೆಪಾಸಿಟರ್ ಡಿಸ್ಚಾರ್ಜ್ ಮಾಡದೆ ಕೈ ಹಾಕಬೇಡಿ.

ತೋಟದ ಮೆಂಟೆನೆನ್ಸ್, ಸಕಲೇಶಪುರ:

60 ಹರ್ಟ್ಸ್ ಅಂತಲೇ ಇದೆ. ಬೆಳಿಗ್ಗೆ 53.1 ವೋಲ್ಟ್, 3 ಆಂಪ್ಸ್. ಆದರೆ ಅಂಗಡಿಯವರು 1.240 ಬಂದರೆ ಫುಲ್ ಅಂದರಲ್ಲ?

ಬಿ-ಮೈನಸ್:

ಅವರು ಹೇಳಿದ್ದು ಯುಪಿಎಸ್‌ನ ಟ್ಯೂಬ್ಯುಲರ್ ಬ್ಯಾಟರಿ ಲೆಕ್ಕ. ನಮ್ಮ ಬಿಸಿಲಿಗೆಂದು ತಯಾರಾಗುವ ಹಲವು ಬ್ಯಾಟರಿಗಳಲ್ಲಿ 1.240 ಫುಲ್ಲೇ. ಗಾಲ್ಫ್ ಕಾರ್ಟಿಗೆ ಬರುವ ಡೀಪ್ ಸೈಕಲ್ ಬ್ಯಾಟರಿಯಲ್ಲಿ 27 ಡಿಗ್ರಿಗೆ 1.275ರ ಆಸುಪಾಸು ಬರಬೇಕು. ಬ್ಯಾಟರಿ ಮೇಲಿನ ಲೇಬಲ್ ನೋಡಿಕೊಳ್ಳಿ. ನಿಮ್ಮ ಮಟ್ಟಿಗೆ 53.1 ವೋಲ್ಟೇ ಉತ್ತರ ಕೊಟ್ಟಿದೆ, ಆ ವೋಲ್ಟೇಜಿನಲ್ಲಿ ಫುಲ್ ಆಗುವ ಮಾತಿಲ್ಲ. ದಿನಾ ಅರೆಹೊಟ್ಟೆಯಲ್ಲಿ ಇಟ್ಟದ್ದರಿಂದ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತಾ ಬಂದಿದೆ. ಹೊಸ ಬ್ಯಾಟರಿ ಹಾಕಿ ಇದೇ ಚಾರ್ಜರ್ ಇಟ್ಟುಕೊಂಡಿದ್ದರೆ ಅವಕ್ಕೂ ಇದೇ ಗತಿ ಆಗುತ್ತಿತ್ತು.

230 ವೋಲ್ಟ್ 50 ಹರ್ಟ್ಸಿನ ಎಸ್‌ಎಂಪಿಎಸ್ (ಹಳೇ ದೊಡ್ಡ ಟ್ರಾನ್ಸ್‌ಫಾರ್ಮರಿನ ಬದಲು ಎಲೆಕ್ಟ್ರಾನಿಕ್) ಚಾರ್ಜರ್ ತನ್ನಿ, 48 ವೋಲ್ಟ್, 17ರಿಂದ 22 ಆಂಪ್ಸ್, ಅಂದರೆ ಎಎಚ್‌ನ 10-13 ಪರ್ಸೆಂಟ್. ಸೆಟ್ಟಿಂಗ್ ನೀರಿನ ಬ್ಯಾಟರಿಯದ್ದೇ ಇರಲಿ. ಜೆಲ್ ಸೆಟ್ಟಿಂಗಿಗೆ ಇಟ್ಟರೆ ಇವು ಮತ್ತೆ ಅರೆಹೊಟ್ಟೆಯೇ. ಸಂಜೆ ವೋಲ್ಟೇಜ್ ಬೀಳುವ ಜಾಗವಾದ್ದರಿಂದ ಇನ್‌ಪುಟ್ ಶ್ರೇಣಿ ಅಗಲವಾಗಿರುವುದನ್ನೇ ಆರಿಸಿ. ಗಾಡಿ ಕ್ಲಬ್ ಕಾರ್ ಕಂಪನಿಯ ಹಳೇ ಪವರ್‌ಡ್ರೈವ್ ಮಾದರಿ ಆಗಿದ್ದರೆ ಇನ್ನೊಂದು ತೊಡಕಿದೆ: ಚಾರ್ಜರನ್ನು ನಡೆಸುವುದು ಗಾಡಿಯೊಳಗಿನ ಓಬಿಸಿ ಎಂಬ ಕಂಪ್ಯೂಟರ್. ಹೊಸ ಚಾರ್ಜರಿನ ನೆಗೆಟಿವ್ ಅದನ್ನು ಬಿಟ್ಟು ನೇರ ಬ್ಯಾಟರಿಗೆ ಹೋಗಬೇಕು.

ನಾಲ್ಕನೆಯದನ್ನು ಈಗಲೇ ತೆಗೆಯಬೇಡಿ. ಸರಿಯಾದ ಚಾರ್ಜರಿನಲ್ಲಿ ಪೂರ್ತಿ ಚಾರ್ಜ್, ಆಮೇಲೆ ಈಕ್ವಲೈಸ್, ಅಂದರೆ ಹಿಂದುಳಿದ ಸೆಲ್ ಉಳಿದವುಗಳ ಸಮಕ್ಕೆ ಬರಲೆಂದು ಬೇಕೆಂದೇ ಕೊಡುವ ಹೆಚ್ಚುವರಿ ಚಾರ್ಜ್. ಪ್ಯಾಕ್ 62-64 ವೋಲ್ಟಿನ ಹತ್ತಿರ, ಕಡಿಮೆ ಆಂಪ್ಸಿನಲ್ಲಿ, ಸೀಟ್ ಎತ್ತಿಟ್ಟು, ಗಾಳಿಯಾಡುವ ಜಾಗದಲ್ಲಿ. ಹೈಡ್ರೋಜನ್ ಬರುತ್ತದೆ, ಬೀಡಿ ಸಿಗರೇಟು ದೂರವಿರಲಿ. ಗಂಟೆಗೊಮ್ಮೆ ಗ್ರಾವಿಟಿ ಬರೆಯಿರಿ. ಏರುವುದು ನಿಂತರೆ ನಿಲ್ಲಿಸಿ. ಬ್ಯಾಟರಿ 50 ಡಿಗ್ರಿ ಸಮೀಪಿಸಿದರೆ ಆಗಲೂ ನಿಲ್ಲಿಸಿ. ಚಾರ್ಜಿಗೆ ಮೊದಲು ಪ್ಲೇಟ್ ಮುಳುಗುವಷ್ಟು ಮಾತ್ರ ನೀರು. ಮಟ್ಟ ತುಂಬುವುದು ಚಾರ್ಜಾದ ಮೇಲೆ, ಬಾಯಿಯ ಕೊಳವೆಯ ಕೆಳತುದಿಗಿಂತ 3 ಮಿಮೀ ಕೆಳಗೆ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಬೇಡ, ಬೋರ್ ನೀರಂತೂ ವಿಷ.

ವೈಂಡಿಂಗ್ ಪುತ್ತೂರು:

ಈಕ್ವಲೈಸ್ ಆದರೂ ಆ ಸೆಲ್ ಗ್ರಾವಿಟಿಯಲ್ಲಿ ಉಳಿದವಕ್ಕಿಂತ 0.050 ಹಿಂದೆಯೇ ಇದ್ದರೆ ಅದರ ಆಸೆ ಬಿಡಿ. ಆಗ ಹೊಚ್ಚ ಹೊಸದರ ಬದಲು ಇದೇ ಎಎಚ್, ಇಷ್ಟೇ ವಯಸ್ಸಿನ ಬಳಸಿದ ಬ್ಯಾಟರಿ ಹುಡುಕಿ. ಸರಣಿಯಲ್ಲಿ ಎಲ್ಲದಕ್ಕೂ ಹರಿಯುವುದು ಒಂದೇ ಕರೆಂಟ್. ಹಳೆಯ ಐದು ತುಂಬುವ ತನಕ ಕಾಯುವ ಹೊಸದು ಓವರ್‌ಚಾರ್ಜ್ ಆಗಿ ನೀರು ಕುಡಿಯುತ್ತದೆ. ಹೊಸದೇ ಸಿಕ್ಕರೆ ಹಾಕಿ, ಆದರೆ ಅದರ ನೀರನ್ನು ಉಳಿದವಕ್ಕಿಂತ ಹೆಚ್ಚು ಸಲ ನೋಡಬೇಕಾಗುತ್ತದೆ.

ತೋಟದ ಮೆಂಟೆನೆನ್ಸ್, ಸಕಲೇಶಪುರ:

ಕರೆಂಟ್ ಹೋದರೆ ಹೊಸ ಚಾರ್ಜರನ್ನು ಡೀಸೆಲ್ ಜನರೇಟರಿಗೆ ಹಾಕಬಹುದಾ?

ಬಿ-ಮೈನಸ್:

ಹಾಕಬಹುದು. ಎಸ್‌ಎಂಪಿಎಸ್ ಚಾರ್ಜರಿಗೆ ಒಂದೆರಡು ಹರ್ಟ್ಸ್ ಹೆಚ್ಚುಕಡಿಮೆಯಾದರೆ ಏನೂ ಆಗುವುದಿಲ್ಲ. ಜನರೇಟರ್ ಓಡಲು ಶುರುವಾಗಿ ವೋಲ್ಟೇಜ್ ನಿಂತ ಮೇಲೆ ಪ್ಲಗ್ ಹಾಕಿ, ಆಫ್ ಮಾಡುವ ಮೊದಲು ಕೀಳಿ. 20 ಆಂಪ್ಸ್ ಚಾರ್ಜರಿಗೆ ಗೋಡೆಯ ಕಡೆಯಿಂದ ಸುಮಾರು 1.3 ಕಿಲೋವ್ಯಾಟ್ ಬೇಕು, ಹಾಗಾಗಿ 16 ಆಂಪ್ಸ್ ಪ್ಲಗ್ಗೇ ಇರಲಿ. ಉದ್ದದ ಎಕ್ಸ್‌ಟೆನ್ಷನ್ ಎಳೆಯಬೇಕಾದರೆ 2.5 ಚದರ ಮಿಮೀ ವೈರ್, ಸುರುಳಿ ಪೂರ್ತಿ ಬಿಚ್ಚಿ.