ಸಹಾಯ ಬೇಕು: ‘ಪಟಾಲಂ’ಗೆ ನಿಮ್ಮೂರಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಗುಂಪು ಕಟ್ಟಿಕೊಂಡು ತಿರುಗುವವರಿಗೆ ನಮ್ಮ ಮಲೆನಾಡಿನಲ್ಲಿ ಏನೇನು ಹೆಸರಿತ್ತು ಅಂತ ಸುಮ್ನೆ ಬರೆದಿಡುತ್ತಿದ್ದೇನೆ.

ನಮ್ಮಜ್ಜಿ ನಮ್ಮನ್ನು ಕಂಡರೆ ಸಾಕು, ‘ಬಂತು ನೋಡು ಪಟಾಲಂ’ ಅನ್ನುತ್ತಿದ್ದರು. ಪಟಾಲಂ ಅಂದರೆ ಸಿಪಾಯಿಗಳ ದಳ. ಮಾವಿನಕಾಯಿ ಕದಿಯುವ ಐದು ಹುಡುಗರಿಗೆ ಅದು ಸ್ವಲ್ಪ ಜಾಸ್ತಿಯೇ ಆಯಿತು, ಅಲ್ವಾ? ‘ದಂಡು’ ಕೂಡ ಸೈನ್ಯದಿಂದಲೇ ಬಂದದ್ದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಶಾಸನಗಳಲ್ಲಿ ವರ್ತಕರ ಸಂಘಕ್ಕೆ ‘ಅಯ್ಯಾವೊಳೆ ಐನೂರ್ವರು’, ಅಂದರೆ ಐಹೊಳೆಯ ಐನೂರು ಮಂದಿ, ಅಂತ ಲೆಕ್ಕದ ಹೆಸರೇ ಇದೆ. ನನಗೆ ತುಂಬಾ ಹಿಡಿಸಿದ್ದು ಅದು.

ಸಾಗರ, ಸೊರಬ, ಹೊಸನಗರದವರೇ, ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ತಿಳಿಸುತ್ತೀರಾ? ಯಾರು ಯಾರನ್ನು ಹಾಗೆ ಕರೆಯುತ್ತಿದ್ದರು ಅಂತಲೂ ಬರೆಯಿರಿ. ಬೈಗುಳ ಆದರೂ ಪರವಾಗಿಲ್ಲ.