ರಾಜ್ಮಾ ಕಾಳಿನ ಖಾರದ ಡಿಪ್: ಆರಿದ ಮೇಲೆ ಗಟ್ಟಿಯಾಗುತ್ತೆ, ಸಿಪ್ಪೆ ನಾಲಿಗೆಗೆ ಸಿಗುತ್ತೆ

ತೋಟದಮನೆ:
ಸಾಗರದಲ್ಲಿ ಮನೆಯವರು, ನೆಂಟರು ಸೇರಿ ಹತ್ತು ಜನ. ಹಲಸಿನ ಹಪ್ಪಳ ಅದ್ದಿಕೊಂಡು ತಿನ್ನೋದಕ್ಕೆ ಈ ಡಿಪ್ ಆಗಬೇಕು. ಈಗಿನ ಕ್ರಮ: ಒಂದು ಲೋಟ ರಾಜ್ಮಾ ನಾಲ್ಕು ಗಂಟೆ ನೆನೆಸಿ, ಉಪ್ಪು, ಹುಣಸೆರಸ, ತೆಂಗಿನೆಣ್ಣೆ ಎಲ್ಲಾ ಒಟ್ಟಿಗೆ ಹಾಕಿ ಕುಕ್ಕರಿನಲ್ಲಿ ನಾಲ್ಕು ಕೂಗು. ಮಿಕ್ಸಿಯಲ್ಲಿ ಎಷ್ಟು ತಿರುಗಿಸಿದರೂ ತರಿತರಿ. ಆರಿದರೆ ಉಂಡೆ ಕಟ್ಟುವಷ್ಟು ಗಟ್ಟಿ, ಅದ್ದಿದರೆ ಹಪ್ಪಳವೇ ಮುರಿಯುತ್ತೆ. ಸೂಜಿಮೆಣಸು ಎಷ್ಟು ಹಾಕಬಹುದು?

ಒಲೆಮುಂದೆ:
ಹುಣಸೆರಸ ಮೊದಲೇ ಹಾಕಿದ್ದೇ ತಪ್ಪು. ಹುಳಿ ನೀರಲ್ಲಿ ಕಾಳಿನ ಸಿಪ್ಪೆ ಮೆತ್ತಗಾಗೋದಿಲ್ಲ, ಆಮೇಲೆ ಮಿಕ್ಸಿ ಅದನ್ನು ಚೂರು ಮಾಡುತ್ತೆ ಅಷ್ಟೇ. ಬೋರ್‌ವೆಲ್ಲಿನ ಗಡಸು ನೀರೂ ಹಾಗೇ ಮಾಡುತ್ತೆ.

ಒಂದು ಲೋಟ ಅಂದರೆ 200 ಗ್ರಾಂ ಕಾಳು. ರಾತ್ರಿಯಿಡೀ ನೆನೆಹಾಕಿ, ಆ ನೀರು ಚೆಲ್ಲಿ. ಹೊಸ ನೀರು ಮೂರು ಲೋಟ, ಅರ್ಧ ಚಮಚ ಉಪ್ಪು. ಮೊದಲ ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ 20 ನಿಮಿಷ, ಆವಿ ತಾನಾಗೇ ಇಳಿಯಲಿ. ಕೂಗು ಎಣಿಸಬೇಡಿ, ಒಂದು ಕಾಳು ತೆಗೆದು ಎರಡು ಬೆರಳ ನಡುವೆ ಒತ್ತಿ ನೋಡಿ. ನಡುವೆ ಬಿಳಿ ಗಟ್ಟಿ ಚುಕ್ಕೆ ಸಿಕ್ಕಿದರೆ ಇನ್ನೂ ಹತ್ತು ನಿಮಿಷ. ಅರೆಬೆಂದ ರಾಜ್ಮಾ ತಿಂದರೆ ವಾಂತಿ, ಹೊಟ್ಟೆನೋವು ಗ್ಯಾರಂಟಿ, ಇಲ್ಲಿ ಅವಸರ ಬೇಡವೇ ಬೇಡ.

ಬೆಂದ ಕಟ್ಟು ಚೆಲ್ಲಬೇಡಿ. ಕಾಳು ಉಗುರುಬೆಚ್ಚಗಾದ ಮೇಲೆ ಕಾಲು ಲೋಟ ಕಟ್ಟು ಸೇರಿಸಿ ರುಬ್ಬಿ. ಕುದಿಬಿಸಿಯಲ್ಲೇ ಜಾರ್ ಮುಚ್ಚಿದರೆ ಆವಿಗೆ ಮುಚ್ಚಳ ಹಾರುತ್ತೆ.

ಕಾಳಿನ ಪಿಷ್ಟ ಆರುತ್ತಾ ಬಿಗಿಯುತ್ತೆ. ಹಾಗಾಗಿ ರುಬ್ಬುವಾಗ ದೋಸೆಹಿಟ್ಟಿಗಿಂತ ಒಂದು ಹದ ಗಟ್ಟಿ ಇದ್ದರೆ ಸಾಕು. ಸೌಟಿನಿಂದ ಬಿಟ್ಟರೆ ದಪ್ಪ ರಿಬ್ಬನ್ನಿನ ಹಾಗೆ ಬಿದ್ದು, ಒಂದು ಕ್ಷಣ ಗುರುತು ನಿಂತು ಕರಗಬೇಕು.

ಮಳೆಬೆಟ್ಟ:
ಮೇಲಿನದಕ್ಕೆ ಇನ್ನೊಂದು ಸೇರಿಸ್ತೀನಿ. ಗಟ್ಟಿಯಾಗೋದಕ್ಕೆ ತೆಂಗಿನೆಣ್ಣೆಯೂ ಕಾರಣ, ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಅದು ಹೆಪ್ಪುಗಟ್ಟುತ್ತೆ. ಮಲೆನಾಡಿನ ಮಳೆಗಾಲದ ಸಂಜೆಗೆ ಅಷ್ಟು ಚಳಿ ಸಾಮಾನ್ಯ. ಕಡಲೆಕಾಯಿ ಎಣ್ಣೆ ಮೂರು ದೊಡ್ಡ ಚಮಚ ಹಾಕಿ.

ಖಾರ ಎಣ್ಣೆಯಲ್ಲಿ ಕರಗುತ್ತೆ, ನೀರಲ್ಲಿ ಅಲ್ಲ. ಸೂಜಿಮೆಣಸು ನಾಲ್ಕನ್ನು ಚಿಟಿಕೆ ಉಪ್ಪಿನ ಜೊತೆ ಕಲ್ಲಲ್ಲಿ ಜಜ್ಜಿ. ಎಣ್ಣೆ ಬೆಚ್ಚಗಾದಾಗ ಆರು ಎಸಳು ಬೆಳ್ಳುಳ್ಳಿ ಹಾಕಿ, ಹೊಂಬಣ್ಣ ಬಂದ ಕೂಡಲೇ ಒಲೆ ಆರಿಸಿ. ಕಪ್ಪಾದರೆ ಇಡೀ ಡಿಪ್ ಕಹಿ. ಮೇಲೆ ಜಜ್ಜಿದ ಮೆಣಸು, ಒಂದು ಚಮಚ ಬ್ಯಾಡಗಿ ಪುಡಿ, ಅರ್ಧ ಚಮಚ ಹುರಿದ ಜೀರಿಗೆ ಪುಡಿ. ಬ್ಯಾಡಗಿ ಬಣ್ಣಕ್ಕೆ, ಸೂಜಿಮೆಣಸು ಉರಿಗೆ. ಮಕ್ಕಳಿದ್ದರೆ ಎರಡೇ ಸಾಕು. ಈ ಒಗ್ಗರಣೆ ಮುಕ್ಕಾಲು ಭಾಗ ಒಳಗೆ ಕಲಸಿ, ಉಳಿದದ್ದನ್ನು ಮೇಲೆ ಹರಡಿ.

ಹುಳಿ ಕೊನೆಗೆ: ಒಂದೂವರೆ ನಿಂಬೆಹಣ್ಣು, ಒಲೆಯಿಂದ ದೂರ. ಕಂಚಿಕಾಯಿ ರಸವೂ ಚೆನ್ನಾಗಿರುತ್ತೆ. ಮುರುಗಲು ಬೇಡ, ಬಣ್ಣ ಕಂದಿಸುತ್ತೆ.

ತೋಟದಮನೆ:
ಹಿಂದಿನ ರಾತ್ರಿಯೇ ಮಾಡಿಡಬಹುದಾ?

ಒಲೆಮುಂದೆ:
ರುಬ್ಬಿದ್ದನ್ನು ಮುಚ್ಚಿ ಫ್ರಿಜ್ಜಲ್ಲಿಡಿ. ನಿಂಬೆರಸ, ಹಸಿ ಈರುಳ್ಳಿ ಆಗ ಹಾಕಬೇಡಿ, ಈರುಳ್ಳಿ ನೀರು ಬಿಡುತ್ತೆ. ಒಂದಷ್ಟು ಕಟ್ಟನ್ನು ಬೇರೆ ಬಟ್ಟಲಲ್ಲಿ ಎತ್ತಿಡಿ. ಬಡಿಸೋ ಅರ್ಧ ಗಂಟೆ ಮೊದಲು ಅದನ್ನು ಬಿಸಿ ಮಾಡಿ, ಎರಡೆರಡು ಚಮಚ ಕಲಸುತ್ತಾ ಹದಕ್ಕೆ ತನ್ನಿ. ಒಗ್ಗರಣೆ ಆಗಲೇ ಹೊಸದಾಗಿ ಕೊಡಿ. ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ.