‘ಪುಸ್ತಕ ತೆಗೆ’ ಅಂದರೆ ಕೊಡುವುದೋ, ಅಳಿಸುವುದೋ?

ಎಲ್ಲರಿಗೂ ನಮಸ್ಕಾರ.

‘ತೆಗೆ’ ಎಂಬ ಕ್ರಿಯಾಪದದ ಬಗ್ಗೆ ನಿಮ್ಮ ಸಹಾಯ ಬೇಕು.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದೊಂದು ಊರ ವಾಚನಾಲಯ ಇದೆ. ಕನ್ನಡ, ಮಲಯಾಳ ಸೇರಿ ಸುಮಾರು 4,000 ಪುಸ್ತಕ. ಲೆಕ್ಕ ಇಡಲು ಒಂದು ಸಣ್ಣ ಸಾಫ್ಟ್‌ವೇರ್ ಇದೆ. ಅದಕ್ಕೆ ಈಗ ಎಐ ಏಜೆಂಟ್, ಅಂದರೆ ಹೇಳಿದ್ದನ್ನು ಅರ್ಥಮಾಡಿಕೊಂಡು ತಾನೇ ಕೆಲಸ ಮಾಡುವ ಪ್ರೋಗ್ರಾಂ, ಜೋಡಿಸುತ್ತಿದ್ದೇವೆ. ಸದಸ್ಯರು ತಮ್ಮ ಮಾತಿನಲ್ಲೇ ಕೇಳಿದರೆ ಅದು ಪುಸ್ತಕ ಹುಡುಕಬೇಕು, ಅವರ ಹೆಸರಿಗೆ ಬರೆಯಬೇಕು. ಏಜೆಂಟ್ ಬಳಸುವ ಒಂದೊಂದು ಸಲಕರಣೆಗೂ (ಟೂಲ್, ಅಂದರೆ ಒಂದೊಂದು ಕೆಲಸ ಮಾಡಿಸುವ ಕೋಡ್) ಕನ್ನಡದಲ್ಲಿ ವಿವರಣೆ ಬರೆಯುವ ಕೆಲಸ ನನ್ನದು.

ಈ ಕೆಲಸದಲ್ಲಿ ಪದ ಯಾಕೆ ಇಷ್ಟು ಮುಖ್ಯ ಅಂದರೆ, ಸಲಕರಣೆಯ ಒಳಗಿನ ಕೋಡ್ ಸಾಮಾನ್ಯವಾಗಿ ಏಜೆಂಟಿಗೆ ಕಾಣುವುದಿಲ್ಲ. ಅದಕ್ಕೆ ಸಿಗುವುದು ಮೂರೇ: ಸಲಕರಣೆಯ ಹೆಸರು, ನಾವು ಬರೆದ ವಿವರಣೆ, ಯಾವ ಯಾವ ಮಾಹಿತಿ ತುಂಬಬೇಕು ಎಂಬ ಪಟ್ಟಿ. ಎಐ ಕಂಪನಿ ಆಂತ್ರೊಪಿಕ್ 2024ರ ನವೆಂಬರಿನಲ್ಲಿ ಹೊರತಂದ ಎಂಸಿಪಿ (ಎಐಗೆ ಹೊರಗಿನ ಸಲಕರಣೆಗಳನ್ನು ಜೋಡಿಸುವ ಪದ್ಧತಿ) ಯಲ್ಲೂ ಹೀಗೆಯೇ. ‘ಇದು ಮಾಹಿತಿ ಹಾಳು ಮಾಡಬಹುದು’ ಎಂದು ಸಲಕರಣೆಗೆ ಗುರುತು ಹಾಕಲು ಅಲ್ಲಿ ಅವಕಾಶ ಇದೆ. ಆದರೆ ಅದು ಬರೀ ಸೂಚನೆ. ಯಾವ ಸಲಕರಣೆ ಹಿಡಿಯಬೇಕು ಎಂಬುದನ್ನು ಏಜೆಂಟ್ ಹೆಚ್ಚಾಗಿ ನಮ್ಮ ವಾಕ್ಯ ಓದಿಯೇ ತೀರ್ಮಾನಿಸುತ್ತದೆ.

ನಾನು ಒಂದಕ್ಕೆ ‘ಪುಸ್ತಕ ತೆಗೆ’ ಎಂದು ಹೆಸರಿಟ್ಟು, ‘ಪಟ್ಟಿಯಿಂದ ಪುಸ್ತಕ ತೆಗೆಯಲು’ ಎಂದು ಒಂದೇ ಸಾಲು ಬರೆದಿದ್ದೆ. ಹರಿದುಹೋದ ಪುಸ್ತಕಗಳನ್ನು ಪಟ್ಟಿಯಿಂದ ಹೊರಗೆ ಹಾಕಲು ಅದು. ಪರೀಕ್ಷೆಗೆಂದು ಹಿರಿಯ ಸದಸ್ಯರೊಬ್ಬರನ್ನು ಕೂರಿಸಿದೆವು. ಅವರು, ‘ಆ ಎರಡು ಕಾದಂಬರಿ ನನಗೆ ತೆಗೆದಿಡಿ ಮಾರಾಯ್ರೆ’ ಎಂದರು. ಏಜೆಂಟ್ ಎರಡನ್ನೂ ಪಟ್ಟಿಯಿಂದಲೇ ತೆಗೆಯಿತು! ಪರೀಕ್ಷೆಯನ್ನು ಪಟ್ಟಿಯ ನಕಲು ಪ್ರತಿಯ ಮೇಲೆ ನಡೆಸಿದ್ದರಿಂದ ನಷ್ಟ ಆಗಲಿಲ್ಲ. ಆದರೆ ತಪ್ಪು ನನ್ನ ವಾಕ್ಯದ್ದೇ.

ಯೋಚಿಸಿ ನೋಡಿ. ಬಾಗಿಲು ತೆಗೆ ಅಂದರೆ ತೆರೆಯುವುದು. ಫೋಟೋ ತೆಗೆ ಅಂದರೆ ಹೊಸದೊಂದು ಮಾಡುವುದು. ಬ್ಯಾಂಕಿನಿಂದ ದುಡ್ಡು ತೆಗೆ, ಹಲ್ಲು ತೆಗೆ, ಪಟ್ಟಿಯಿಂದ ಹೆಸರು ತೆಗೆ. ತೆಗೆದಿಡು ಅಂದರೆ ಜೋಪಾನ ಮಾಡುವುದು, ತೆಗೆದುಹಾಕು ಅಂದರೆ ಅದಕ್ಕೆ ಪೂರ್ತಿ ಉಲ್ಟಾ. ತುಳುವಿನ ‘ದೆಪ್ಪು’ ಕೂಡ ಹೀಗೆಯೇ: ಬಾಗಿಲನ್ನೂ ದೆಪ್ಪುತ್ತಾರೆ, ಫೋಟೋವನ್ನೂ ದೆಪ್ಪುತ್ತಾರೆ. ಮಲಯಾಳದಲ್ಲಿ ತೆರೆಯುವುದಕ್ಕೆ ತುರಕ್ಕುಕ, ಎತ್ತಿಕೊಳ್ಳುವುದಕ್ಕೆ ಎಡುಕ್ಕುಕ, ಅಳಿಸುವುದಕ್ಕೆ ಮಾಯ್ಕುಕ ಅಂತ ಬೇರೆ ಬೇರೆ ಇವೆ. ನಮ್ಮಲ್ಲೂ ಬೇರೆ ಪದಗಳು ಇಲ್ಲವೆಂದಲ್ಲ. ಮಾತಾಡುವಾಗ ಮೊದಲು ಬಾಯಿಗೆ ಬರುವುದು ‘ತೆಗೆ’, ಅಷ್ಟೇ.

ಸದಸ್ಯರು ‘ತೆಗೆ’ ಅನ್ನುವುದನ್ನು ನಿಲ್ಲಿಸಬೇಕಾಗಿಲ್ಲ. ವಿವರಣೆಯಲ್ಲಿ ಮಾತ್ರ ಅದು ಒಂಟಿಯಾಗಿ ಬರಬಾರದು ಎಂದು ನಿರ್ಧರಿಸಿದ್ದೇನೆ. ಪುಸ್ತಕದ ವಿವರ ನೋಡಲು ‘ತೆರೆ’, ಮನೆಗೆ ಕೊಡಲು ‘ಎರವಲು ಕೊಡು’, ಒಬ್ಬರಿಗಾಗಿ ಇಟ್ಟುಕೊಳ್ಳಲು ‘ಕಾದಿರಿಸು’. ಜೊತೆಗೆ, ಪಟ್ಟಿಯಿಂದ ಹೊರಗೆ ಹಾಕುವ ಸಲಕರಣೆಯನ್ನು ಯಾವಾಗ ಬಳಸಬಾರದು ಎಂಬುದನ್ನೂ ಅದರ ವಿವರಣೆಯಲ್ಲಿ ಬರೆಯುತ್ತಿದ್ದೇನೆ: ‘ಸದಸ್ಯರು ಪುಸ್ತಕ ತೆಗೆದಿಡಿ, ತೆಗೆದುಕೊಡಿ ಎಂದರೆ ಇದನ್ನು ಬಳಸಬೇಡ; ಕಾದಿರಿಸು ಅಥವಾ ಎರವಲು ಕೊಡು ಬಳಸು.’ ಈ ಸಾಲು ಸೇರಿಸಿದ ಮೇಲೆ ಅದೇ ಕೋರಿಕೆಯನ್ನು ಹತ್ತು ಸಲ ಕೊಟ್ಟೆವು, ಹತ್ತು ಸಲವೂ ಸರಿಯಾಗಿ ಮಾಡಿತು.

ಉಳಿದಿರುವ ಗಂಟು ಒಂದೇ. ಹರಿದ ಪುಸ್ತಕವನ್ನು ಓದುಗರ ಪಟ್ಟಿಯಿಂದ ಹೊರಗಿಡುತ್ತೇವೆ, ಆದರೆ ಸ್ಟಾಕ್ ರಿಜಿಸ್ಟರಿನಲ್ಲಿ ಅದರ ನಂಬರು ಹಾಗೇ ಉಳಿಯಬೇಕು. ತಪ್ಪಾಗಿ ಎರಡು ಸಲ ಸೇರಿಸಿದ ಪುಸ್ತಕವನ್ನಾದರೆ ಗುರುತೇ ಇಲ್ಲದಂತೆ ಅಳಿಸುತ್ತೇವೆ. ಎರಡನೆಯದಕ್ಕೆ ‘ಅಳಿಸು’ ಸರಿ. (ಮಗುವನ್ನು ಅಳಿಸುವುದೂ ಇದೇ ಪದ, ಆದರೆ ಪುಸ್ತಕದ ವಿಷಯದಲ್ಲಿ ಆ ಗೊಂದಲ ಬರಲಿಕ್ಕಿಲ್ಲ.) ಮೊದಲನೆಯದಕ್ಕೆ ಏನು ಹೇಳೋಣ?

‘ತೆಗೆದುಹಾಕು’ ಬೇಡ, ಅದರೊಳಗೆ ಮತ್ತೆ ‘ತೆಗೆ’ ಕೂತಿದೆ. ‘ರದ್ದು ಮಾಡು’ ಅಂದರೆ ಸದಸ್ಯತ್ವ ರದ್ದಾದ ಹಾಗೆ ಕೇಳುತ್ತದೆ. ‘ನೀಗು’ ನನಗೆ ಇಷ್ಟ. ಮಲಯಾಳದ ‘ನೀಕ್ಕುಕ’ ಅದೇ ಬೇರಿನದು, ಹಾಗಾಗಿ ಇಲ್ಲಿನ ಎರಡೂ ಭಾಷೆಯವರಿಗೆ ಹತ್ತಿರ. ಆದರೆ ಕನ್ನಡದಲ್ಲಿ ನೀಗುವುದು ಹಸಿವು, ಬಡತನ, ಕಷ್ಟ. ಪುಸ್ತಕವನ್ನು ನೀಗಿದರು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ‘ಪಟ್ಟಿಯಿಂದ ಕೈಬಿಡು’ ಎಂಬುದು ಪತ್ರಿಕೆಗಳಲ್ಲಿ ರೂಢಿಯಲ್ಲಿದೆ. ಸದ್ಯಕ್ಕೆ ನಾನು ಅದರ ಕಡೆ ವಾಲಿದ್ದೇನೆ.

‘ಕೈಬಿಟ್ಟ ಪುಸ್ತಕ’ ಎಂದರೆ ನಿಮಗೆ ಏನು ತೋಚುತ್ತದೆ? ದಾಖಲೆ ಉಳಿದಿದೆ ಎಂಬ ಅರ್ಥ ಬರುತ್ತದಾ, ಅಥವಾ ಪುಸ್ತಕವನ್ನೇ ಬಿಸಾಡಿದ ಹಾಗೆ ಕೇಳುತ್ತದಾ? ಧಾರವಾಡ, ಮೈಸೂರು ಕಡೆಯ ವಾಚನಾಲಯಗಳಲ್ಲಿ ಇದಕ್ಕೆ ಬಾಯಿಮಾತಿನಲ್ಲಿ ಏನು ಹೇಳುತ್ತಾರೆ ಎಂದು ಗೊತ್ತಿದ್ದವರು ದಯವಿಟ್ಟು ತಿಳಿಸಿ.